ಹಿಮ್ಮಡಿ ನೋವಿಗೆ ಆಕ್ಯುಪಂಕ್ಚರ್ ಮಾಡಿಸಬಹುದಾ? ಹತ್ತು ಸಿಟ್ಟಿಂಗ್ ಪ್ಯಾಕೇಜ್ ಅಂತಿದ್ದಾರೆ

ಕೆರೆಏರಿ ಓಟಗಾರ, ಮೈಸೂರು

ಎಲ್ಲರಿಗೂ ನಮಸ್ಕಾರ. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತ ಓಡುವವರಲ್ಲಿ ನಾನೂ ಒಬ್ಬ. ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು. ಕೆಲವು ತಿಂಗಳಿಂದ ಬಲಗಾಲಿನ ಹಿಮ್ಮಡಿ ನೋವು. ಬೆಳಿಗ್ಗೆ ಹಾಸಿಗೆಯಿಂದ ಎದ್ದು ಮೊದಲ ಹೆಜ್ಜೆ ಇಟ್ಟರೆ ಜೀವ ಬಾಯಿಗೆ ಬರುತ್ತದೆ. ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಸ್ವಲ್ಪ ಸಡಿಲವಾಗುತ್ತದೆ. ಓಡುವಾಗಲೂ ಅಷ್ಟೇ, ಮೊದಲ ಕಿಲೋಮೀಟರ್ ಕಷ್ಟ, ಆಮೇಲೆ ಪರವಾಗಿಲ್ಲ, ಸಂಜೆಗೆ ಮತ್ತೆ ಶುರು. ಡಾಕ್ಟ್ರು ಪ್ಲಾಂಟರ್ ಫ್ಯಾಸೈಟಿಸ್, ಅಂದರೆ ಅಂಗಾಲಿನ ಉದ್ದಕ್ಕೂ ಇರುವ ಪಟ್ಟಿಯ ತೊಂದರೆ, ಅಂದರು. ಮಾತ್ರೆ ಬರೆದುಕೊಟ್ಟು, ಮೆತ್ತನೆಯ ಚಪ್ಪಲಿ ಹಾಕಿ ಅಂದರು.

ನಮ್ಮ ಗುಂಪಿನ ಒಬ್ಬರು ಒಂದು ಆಕ್ಯುಪಂಕ್ಚರ್ ಕ್ಲಿನಿಕ್‌ಗೆ ಕಳಿಸಿದರು. ಅಲ್ಲಿ ಪಾದ ಮುಟ್ಟಿ ನೋಡುವ ಮೊದಲೇ ಹತ್ತು ಸಿಟ್ಟಿಂಗ್ ಪ್ಯಾಕೇಜ್ ಅಂದರು. ದುಡ್ಡು ಮುಂಗಡ, ಒಂದೇ ಸಲ ಕಟ್ಟಿದರೆ ರಿಯಾಯಿತಿ. ನಾನು ಸೂಜಿಗೆ ಹೆದರುವವನಲ್ಲ, ಬಿಲ್ಲಿಗೆ ಹೆದರುತ್ತೇನೆ. ಯಾರಾದರೂ ಮಾಡಿಸಿಕೊಂಡಿದ್ದರೆ ಹೇಳಿ. ನಿಜವಾಗಿ ಕೆಲಸ ಮಾಡುತ್ತಾ, ಇಲ್ಲ ಸುಮ್ನೆ ನಂಬಿಕೆನಾ? ಡಿಸೆಂಬರ್‌ನಲ್ಲಿ ಹಾಫ್ ಮ್ಯಾರಥಾನ್‌ಗೆ ಹೆಸರು ಬೇರೆ ಕೊಟ್ಟಾಗಿದೆ.

ಶಟಲ್ ಶೋಕಿ, ಬೆಂಗಳೂರು

ನನಗೆ ಹಿಮ್ಮಡಿ ಅಲ್ಲ, ಮೊಣಕೈ. ಟೆನಿಸ್ ಎಲ್ಬೋ ಅಂತಾರಲ್ಲ, ಅದೇ. ಟೆನಿಸ್ ಆಡಿದವನೇ ಅಲ್ಲ ನಾನು, ಆಫೀಸ್ ಮುಗಿಸಿ ಬ್ಯಾಡ್ಮಿಂಟನ್ ಆಡುವವನು. ಒಂದು ಹಂತದಲ್ಲಿ ಕಾಫಿ ಲೋಟ ಎತ್ತುವುದೇ ಕಷ್ಟವಾಗಿತ್ತು.

ಏನು ಮಾಡುತ್ತಾರೆ ಅಂತ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಇದು ಇಂಜೆಕ್ಷನ್ ಸೂಜಿ ಅಲ್ಲ. ಒಳಗೆ ಟೊಳ್ಳಿಲ್ಲ, ಔಷಧಿಯೂ ಇಲ್ಲ. ಗಟ್ಟಿ ಸ್ಟೀಲ್ ತಂತಿ, ದಪ್ಪ 0.25 ಮಿಲಿಮೀಟರ್ ಅಂತ ಪ್ಯಾಕೆಟ್ ಮೇಲೆ ಬರೆದಿತ್ತು. ಅದನ್ನು ಸಣ್ಣ ಪ್ಲಾಸ್ಟಿಕ್ ಕೊಳವೆಯಲ್ಲಿ ಇಟ್ಟು, ಕೊಳವೆಯನ್ನು ಚರ್ಮದ ಮೇಲೆ ಒತ್ತಿ, ಮೇಲಿಂದ ಬೆರಳಲ್ಲಿ ಟಪ್ ಅಂತ ತಟ್ಟುತ್ತಾರೆ. ಚರ್ಮ ದಾಟಿದ್ದು ಗೊತ್ತೇ ಆಗಲಿಲ್ಲ. ಆಮೇಲೆ ಕೊಳವೆ ತೆಗೆದು ಸೂಜಿಯನ್ನು ನಿಧಾನಕ್ಕೆ ಒಳಗೆ ಬಿಟ್ಟು ತಿರುಗಿಸುತ್ತಾರೆ. ಆಗ ಒಂಥರಾ ಭಾರ, ಜೋಮು ಹಿಡಿದ ಹಾಗೆ ಮಣಿಕಟ್ಟಿನವರೆಗೂ ಹರಿಯುತ್ತದೆ. ಅದು ಬಂದರೆ ಒಳ್ಳೆಯದು ಅಂದರು. ಮೊಣಕೈ ಹತ್ತಿರ, ಮುಂಗೈ ಮೇಲೆ, ಹೆಬ್ಬೆರಳು ತೋರುಬೆರಳಿನ ನಡುವೆ ಹೀಗೆ ಒಂದಷ್ಟು ಚುಚ್ಚಿ ಇಪ್ಪತ್ತು ನಿಮಿಷ ಮಲಗಿಸಿದರು. ಫ್ಯಾನ್ ಗಾಳಿಗೆ ನಿದ್ದೆ ಹತ್ತಿತು.

ಅವತ್ತು ಸಂಜೆ ನೋವು ಇಳಿದದ್ದು ನಿಜ. ಆದರೆ ಮತ್ತೆ ಕೋರ್ಟ್‌ಗೆ ಇಳಿದ ವಾರವೇ ವಾಪಸ್ ಬಂತು. ನನ್ನ ಪ್ರಕಾರ ಕೆಲಸ ಮಾಡುತ್ತದೆ, ಆದರೆ ಬಾಳಿಕೆ ಕಡಿಮೆ.

ಫಿಸಿಯೋ ಧಾರವಾಡ

ಓಟಗಾರರೇ, ಹಿಮ್ಮಡಿ ಅಡಿಯಲ್ಲಿ, ಒಳಬದಿಗೆ ಹೆಬ್ಬೆರಳಿಂದ ಒತ್ತಿದರೆ ಒಂದೇ ಜಾಗದಲ್ಲಿ ನೋವಾಗುತ್ತಾ? ಮೊದಲ ಹೆಜ್ಜೆಗೆ ಜಾಸ್ತಿ, ನಡೆದ ಮೇಲೆ ಕಡಿಮೆ ಅಂದಿರಲ್ಲ, ನಿಮ್ಮ ಡಾಕ್ಟ್ರು ಹೇಳಿದ್ದಕ್ಕೆ ಹೊಂದುತ್ತದೆ. ಆದರೆ ರಾತ್ರಿ ಮಲಗಿದಾಗಲೂ ನೋವಿದ್ದರೆ, ಹಿಮ್ಮಡಿ ಮೂಳೆಯನ್ನು ಎರಡು ಕಡೆಯಿಂದ ಅಂಗೈಯಲ್ಲಿ ಹಿಚುಕಿದಾಗ ನೋವಿದ್ದರೆ, ಸೂಜಿ, ಎಣ್ಣೆ ಎಲ್ಲ ಪಕ್ಕಕ್ಕಿಟ್ಟು ಮೊದಲು ಮೂಳೆ ತೋರಿಸಿ. ಓಡುವವರಿಗೆ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಬರುವುದುಂಟು. ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ. ಅಂಥ ಕಾಲಿಗೆ ಸೂಜಿ ಹಾಕಿ ನೋವು ಇಳಿಸಿ ಓಡಿಸಿದರೆ ಏನಾಗುತ್ತದೆ ಅಂತ ನಾನು ಹೇಳಬೇಕಿಲ್ಲ.

ಇನ್ನು ಸೂಜಿ ವಿಷಯ. ನಾವು ಫಿಸಿಯೋಗಳು ಮಾಡುವುದಕ್ಕೆ ಡ್ರೈ ನೀಡಲಿಂಗ್ ಅಂತಾರೆ. ಸೂಜಿ ಅದೇ, ಲೆಕ್ಕ ಬೇರೆ. ಆಕ್ಯುಪಂಕ್ಚರ್‌ನವರು ಚೀನಾದ ಹಳೆಯ ಪದ್ಧತಿಯ ಬಿಂದುಗಳನ್ನು ನೋಡುತ್ತಾರೆ. ನಾವು ಮಾಂಸಖಂಡದಲ್ಲಿ ಗಂಟು ಕಟ್ಟಿದ ಜಾಗ ಹುಡುಕಿ ಅಲ್ಲೇ ಚುಚ್ಚುತ್ತೇವೆ. ಮಾಂಸಖಂಡ ಒಂದು ಸಲ ಜುಮ್ ಅಂತ ಹಾರುತ್ತದೆ. ಅಮೆರಿಕದ ಡಾಕ್ಟರ್ ಜಾನೆಟ್ ಟ್ರಾವೆಲ್ ಈ ಗಂಟುಗಳ ಬಗ್ಗೆ ಜೀವಮಾನವಿಡೀ ಕೆಲಸ ಮಾಡಿದವರು, ಅಧ್ಯಕ್ಷ ಕೆನಡಿಯವರ ವೈದ್ಯೆ ಆಗಿದ್ದವರು. ಆಗ ಗಂಟಿಗೆ ಔಷಧಿ ಚುಚ್ಚುತ್ತಿದ್ದರು. 1979ರಲ್ಲಿ ಕರೆಲ್ ಲೆವಿಟ್ ಅನ್ನುವ ಜೆಕ್ ವೈದ್ಯರು, ಔಷಧಿ ಇಲ್ಲದೆ ಬರೀ ಸೂಜಿಯಿಂದಲೂ ನೋವು ಇಳಿಯುತ್ತದೆ ಅಂತ ಬರೆದರು. ಡ್ರೈ ಅನ್ನುವ ಹೆಸರಿನ ಹಿಂದಿನ ಕಥೆ ಇಷ್ಟೇ.

ನಿಮ್ಮ ಹಿಮ್ಮಡಿಗೇ ಸಂಬಂಧಪಟ್ಟ ಒಂದು ಅಧ್ಯಯನ ಇದೆ. 2014ರಲ್ಲಿ ಆಸ್ಟ್ರೇಲಿಯಾದಲ್ಲಿ ಹಿಮ್ಮಡಿ ನೋವಿನ 84 ಜನರಲ್ಲಿ ಅರ್ಧ ಜನಕ್ಕೆ ನಿಜವಾದ ಡ್ರೈ ನೀಡಲಿಂಗ್, ಇನ್ನರ್ಧಕ್ಕೆ ಚುಚ್ಚಿದ ಹಾಗೆ ನಟಿಸಿ ಚುಚ್ಚದೇ ಇರುವ ಸೂಜಿ. ವಾರಕ್ಕೊಂದು ಸಲ, 6 ವಾರ. ಬೆಳಗಿನ ಮೊದಲ ಹೆಜ್ಜೆಯ ನೋವು ನಿಜವಾದ ಸೂಜಿಯವರಿಗೆ, ನಟನೆಯ ಸೂಜಿಯವರಿಗಿಂತ, 100ರ ಅಳತೆಯಲ್ಲಿ ಸುಮಾರು 14ರಷ್ಟು ಜಾಸ್ತಿ ಇಳಿಯಿತು. ಲಾಭ ಇದೆ ಅನ್ನಬಹುದು, ಮಹಾ ಅನ್ನಲಾಗದು. ಅದರ ಜೊತೆಗೆ ನಿಜವಾದ ಸೂಜಿ ಹಾಕಿದ ಭೇಟಿಗಳಲ್ಲಿ ಮೂರಕ್ಕೊಂದರಲ್ಲಿ ಸಣ್ಣಪುಟ್ಟ ತೊಂದರೆ: ಚುಚ್ಚಿದ ಕಡೆ ನೋವು, ನೀಲಿ ಕಟ್ಟುವುದು, ಒಂದೆರಡು ದಿನ ನೋವು ಜಾಸ್ತಿಯಾಗುವುದು.

ಪಾದ ನೋಡದೆ ಹತ್ತು ಸಿಟ್ಟಿಂಗ್ ಹೇಳಿದವರ ಹತ್ತಿರ ಹೋಗಬೇಡಿ. ಇಷ್ಟು ಮಾತ್ರ ಖಂಡಿತ ಹೇಳುತ್ತೇನೆ.

ಅಂಕಿಸಂಕಿ

ನಾನು ಓಡುವವನೂ ಅಲ್ಲ, ಡಾಕ್ಟರೂ ಅಲ್ಲ. ಬೆನ್ನು ನೋವು ಇರುವ, ಕಂಡದ್ದನ್ನೆಲ್ಲ ಓದುವ ಮನುಷ್ಯ. ಆಕ್ಯುಪಂಕ್ಚರ್ ಬಗ್ಗೆ ಮಾತಾಡುವವರು ಜರ್ಮನಿಯ ಪ್ರಯೋಗ ತಿಳಿದಿರಲೇಬೇಕು.

ಬಹಳ ಕಾಲದಿಂದ ಸೊಂಟ ನೋವಿದ್ದ 1,162 ಜನರನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ಶಾಸ್ತ್ರೋಕ್ತ ಆಕ್ಯುಪಂಕ್ಚರ್. ಇನ್ನೊಂದಕ್ಕೆ ಬಿಂದುಗಳೇ ಅಲ್ಲದ ಕಡೆ, ಮೇಲುಮೇಲೆ ಚುಚ್ಚಿದ ಸೂಜಿ. ಮೂರನೆಯದಕ್ಕೆ ಮಾತ್ರೆ, ಫಿಸಿಯೋ, ವ್ಯಾಯಾಮ ಅಂತ ಮಾಮೂಲಿ ಚಿಕಿತ್ಸೆ. ಆರು ತಿಂಗಳ ನಂತರ ಸುಧಾರಿಸಿದವರು: ಶಾಸ್ತ್ರೋಕ್ತ ಸೂಜಿಯಲ್ಲಿ 47.6%, ಎಲ್ಲೆಂದರಲ್ಲಿ ಚುಚ್ಚಿದ್ದರಲ್ಲಿ 44.2%, ಮಾಮೂಲಿ ಚಿಕಿತ್ಸೆಯಲ್ಲಿ 27.4%. 2007ರಲ್ಲಿ ಪ್ರಕಟವಾಯಿತು.

ನೋಡಿ, ಬಿಂದು ಸರಿಯಿದ್ದರೂ ಒಂದೇ, ತಪ್ಪಿದರೂ ಹೆಚ್ಚುಕಡಿಮೆ ಒಂದೇ. ಹಾಗಿದ್ದ ಮೇಲೆ ಆ ನಾಡಿ ಚಾರ್ಟ್, ಗೋಡೆ ಮೇಲಿನ ಮನುಷ್ಯನ ಚಿತ್ರ, ಅದೆಲ್ಲ ಯಾಕೆ?

ಸೂಜಿಡಾಕ್ಟ್ರು, ಉಜಿರೆ

ಮಾರಾಯ್ರೆ, ಅದೇ ಅಂಕಿಯನ್ನು ಕೆಳಗಿನಿಂದ ಓದಿ ಒಮ್ಮೆ. ಮಾತ್ರೆ, ವ್ಯಾಯಾಮದ ಗುಂಪಿಗಿಂತ ಸೂಜಿಯ ಎರಡೂ ಗುಂಪು ಎಷ್ಟು ಮುಂದೆ ಇವೆ! ನೋವಿನ ಮನುಷ್ಯನಿಗೆ ಬೇಕಾದ್ದು ನೋವು ಕಡಿಮೆ ಆಗುವುದು. ಬಿಂದು ಅರ್ಧ ಇಂಚು ಆಚೆ ಇದ್ದರೂ ಆಯಿತು ಅಂದರೆ ನನಗೇನೂ ಬೇಸರ ಇಲ್ಲ.

ನಾನು ಬಿಎನ್‌ವೈಎಸ್, ಅಂದರೆ ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಪದವಿಯವನು. ಐದೂವರೆ ವರ್ಷ ಓದಿದ್ದೇನೆ, ಆಕ್ಯುಪಂಕ್ಚರ್ ನಮ್ಮ ಪಠ್ಯದಲ್ಲೇ ಇದೆ. ಮೇಲುಮೇಲೆ ಚುಚ್ಚಿದರೂ ಅದು ಚುಚ್ಚಿದ್ದೇ ಅಲ್ಲವಾ? ಚರ್ಮಕ್ಕೆ, ನರಕ್ಕೆ ಸುದ್ದಿ ಹೋಗಿಯೇ ಹೋಗುತ್ತದೆ. 2010ರಲ್ಲಿ ಅಮೆರಿಕದ ರಾಚೆಸ್ಟರ್‌ನಲ್ಲಿ ಇಲಿಗಳ ಮಂಡಿ ಕೆಳಗಿನ ಬಿಂದುವಿಗೆ ಸೂಜಿ ಹಾಕಿ ತಿರುಗಿಸಿ ನೋಡಿದರು. ಆ ಜಾಗದಲ್ಲಿ ಅಡೆನೋಸಿನ್ ಅನ್ನುವ ವಸ್ತು ಹಲವು ಪಟ್ಟು ಏರಿತು. ಅದು ನೋವಿನ ನರವನ್ನು ಮಂದ ಮಾಡುತ್ತದೆ. ಅಡೆನೋಸಿನ್ ಹಿಡಿದುಕೊಳ್ಳುವ ಗ್ರಾಹಿಯೇ ಇಲ್ಲದ ಇಲಿಗಳಿಗೆ ಸೂಜಿ ಹಾಕಿದರೆ ನೋವು ಇಳಿಯಲಿಲ್ಲ. ಇಲಿಗೆ ನಂಬಿಕೆ ಎಲ್ಲಿಂದ ಬಂತು ಹೇಳಿ?

ಅಂಕಿಸಂಕಿ

ಇಲಿ ಮಾತು ಒಪ್ಪಿದೆ ಡಾಕ್ಟ್ರೇ. ಆದರೆ ಇಲಿಗೆ ಹಾಫ್ ಮ್ಯಾರಥಾನ್ ಇಲ್ಲ.

ಜರ್ಮನಿಯ ಮೂರನೇ ಗುಂಪಿನ ಬಗ್ಗೆ ಒಂದು ಮಾತು. ಅವರಿಗೆಲ್ಲ ಸೊಂಟ ನೋವು ಸರಾಸರಿ ಎಂಟು ವರ್ಷದಿಂದ ಇತ್ತು. ಮಾತ್ರೆ, ವ್ಯಾಯಾಮ ಎಲ್ಲ ಕಂಡವರೇ. ಹೊಸದೇನೋ ಸಿಗುತ್ತದೆ ಅಂತ ಬಂದರೆ ಮತ್ತದೇ ಹಳೆಯದು ಸಿಕ್ಕಿತು. ಯಾವ ಗುಂಪಿಗೆ ಬಿದ್ದಿದ್ದೇವೆ ಅಂತ ಅವರಿಗೆ ಗೊತ್ತಿತ್ತು. ಮನಸ್ಸು ಕುಗ್ಗಿದರೆ ನೋವು ಇಳಿಯುತ್ತದಾ?

ಹಲವು ಪ್ರಯೋಗಗಳನ್ನು ಒಟ್ಟು ಹಾಕಿದ ಲೆಕ್ಕವೂ ಇದೆ. 2018ರದು, 39 ಪ್ರಯೋಗ, 20,827 ರೋಗಿಗಳು. ಬೆನ್ನು, ಕುತ್ತಿಗೆ, ಭುಜ, ಮಂಡಿ, ತಲೆನೋವು. ಸೂಜಿ ಹಾಕಿಸಿಕೊಳ್ಳದವರಿಗಿಂತ ಸೂಜಿಯವರು ಚೆನ್ನಾಗಿಯೇ ಮುಂದು. ಸುಳ್ಳು ಸೂಜಿಯವರಿಗಿಂತ ಸ್ವಲ್ಪ ಮಾತ್ರ ಮುಂದು. ಬಂದ ಲಾಭದಲ್ಲಿ ಬಹುಪಾಲು ಒಂದು ವರ್ಷದ ನಂತರವೂ ಉಳಿದಿತ್ತು, ಅದು ನನಗೂ ಆಶ್ಚರ್ಯ. ಆದರೆ ಅವೆಲ್ಲ ಬಹಳ ಕಾಲದ ನೋವುಗಳು. ನಿನ್ನೆ ಉಳುಕಿದ ಕಾಲಿನ ಲೆಕ್ಕ ಅಲ್ಲ.

ಸರ್ಕಾರಗಳ ಕಥೆ ಇನ್ನೂ ಮಜವಾಗಿದೆ. ಜರ್ಮನಿ ತನ್ನದೇ ಪ್ರಯೋಗಗಳನ್ನು ನೋಡಿ ಸೊಂಟ ಮತ್ತು ಮಂಡಿ ನೋವಿಗೆ ವಿಮೆ ದುಡ್ಡು ಕೊಡಲು ಒಪ್ಪಿತು. ಬ್ರಿಟನ್ 2009ರಲ್ಲಿ ಸೊಂಟ ನೋವಿಗೆ ಆಗಬಹುದು ಅಂದಿತು, 2016ರಲ್ಲಿ ಬೇಡ ಅಂದಿತು, 2021ರಲ್ಲಿ ಕಾರಣ ಸಿಗದ ದೀರ್ಘಕಾಲದ ನೋವಿಗೆ ನೋಡಬಹುದು ಅಂದಿತು, ಮರುವರ್ಷ ಮಂಡಿ ಸವೆತಕ್ಕೆ ಬೇಡ ಅಂದಿತು. ಅವರಿಗೇ ತೀರ್ಮಾನವಾಗಿಲ್ಲ, ನಾವು ಇಲ್ಲಿ ಕೂತು ಮಾಡಲು ಹೊರಟಿದ್ದೇವೆ.

ಕಬಡ್ಡಿ ಕೋಚ್, ಮಂಡ್ಯ

ಅಣ್ಣಂದಿರಾ, ನಿಮ್ಮ ಪರ್ಸೆಂಟೇಜ್ ಎಲ್ಲ ಸರಿ. ನನ್ನ ಹುಡುಗರ ವಿಷಯ ಹೇಳಿ. ಮ್ಯಾಟ್ ಮೇಲೆ ಕಾಲು ಹಿಡಿದು ಎಳೆದಾಗ ಪಾದ ಒಳಕ್ಕೆ ತಿರುಗುತ್ತದೆ, ಗಿಣ್ಣು ಊದಿಕೊಳ್ಳುತ್ತದೆ. ವಾರದಲ್ಲಿ ಮತ್ತೆ ಪಂದ್ಯ ಇರುತ್ತದೆ. ನಮ್ಮ ಕಡೆ ಇಂಥದ್ದಕ್ಕೆ ಪುತ್ತೂರು ಕಟ್ಟು ಹಾಕಿಸುತ್ತಾರೆ. ಸೊಂಟ ಹಿಡಿದರೆ ಕಾಲು ಮುಂದಾಗಿ ಹುಟ್ಟಿದವರನ್ನು ಕರೆದು ಬೆನ್ನು ತುಳಿಸುತ್ತಾರೆ. ನಮ್ಮಜ್ಜಿ ಅದರಲ್ಲಿ ಹೆಸರುವಾಸಿ, ದೂರದೂರಿಂದ ಬರುತ್ತಿದ್ದರು. ಈಗ ಹುಡುಗರು ಮೊಬೈಲ್‌ನಲ್ಲಿ ನೋಡಿಕೊಂಡು ಬಂದು ಸೂಜಿ ಹಾಕಿಸಿ ಸಾರ್ ಅಂತಾರೆ. ಈಜುಗಾರ ಫೆಲ್ಪ್ಸ್ 2016ರ ಒಲಿಂಪಿಕ್ಸ್‌ನಲ್ಲಿ ಬೆನ್ನ ಮೇಲೆ ಕೆನ್ನೀಲಿ ಗುಂಡು ಗುರುತು ಇಟ್ಟುಕೊಂಡು ಬಂದಿದ್ದನಲ್ಲ, ಅದೂ ಬೇಕಂತೆ.

ಊದಿದ ಗಿಣ್ಣಿಗೆ ಸೂಜಿ ಹಾಕಿಸಿದರೆ ಬೇಗ ಆಡಬಹುದಾ?

ಫಿಸಿಯೋ ಧಾರವಾಡ

ಕೋಚ್ ಸಾಹೇಬ್ರೆ, ಫೆಲ್ಪ್ಸ್ ಮಾಡಿಸಿಕೊಂಡದ್ದು ಕಪ್ಪಿಂಗ್, ಅಂದರೆ ಬಟ್ಟಲು ಕವುಚಿ ಚರ್ಮವನ್ನು ಎಳೆಸುವುದು, ಸೂಜಿ ಅಲ್ಲ. ಅದರ ಚರ್ಚೆ ಬೇರೆ ಕಡೆ ಇಟ್ಟುಕೊಳ್ಳೋಣ.

ಗಿಣ್ಣು ಉಳುಕಿದರೆ ಸೂಜಿಗೆ ಮೊದಲು ನೋಡಬೇಕಾದ್ದು ಮೂಳೆ ಮುರಿದಿದೆಯಾ ಅಂತ. ಕೆನಡಾದ ಒಟ್ಟಾವದಲ್ಲಿ ಮಾಡಿದ ಸರಳ ನಿಯಮ ಇದೆ, ನೀವೂ ಅಂಗಳದಲ್ಲೇ ನೋಡಬಹುದು. ಬಿದ್ದ ತಕ್ಷಣ ಹುಡುಗ ನಾಲ್ಕು ಹೆಜ್ಜೆ ಭಾರ ಹಾಕಿ ನಡೆದನಾ? ಕುಂಟಿದರೂ ಪರವಾಗಿಲ್ಲ, ನಡೆಯಬೇಕು. ಆಮೇಲೆ ಗಿಣ್ಣಿನ ಎರಡೂ ಬದಿಯ ಉಬ್ಬು ಮೂಳೆಯ ಹಿಂದಿನ ಅಂಚನ್ನು ತುದಿಯಿಂದ ಮೇಲಕ್ಕೆ ನಾಲ್ಕು ಬೆರಳ ಅಗಲ, ಅಂದರೆ ಸುಮಾರು 6 ಸೆಂಟಿಮೀಟರ್, ಒತ್ತಿ ನೋಡಿ. ಕಿರುಬೆರಳಿನ ಸಾಲಿನಲ್ಲಿ ಪಾದದ ಮಧ್ಯಕ್ಕೆ ಒಂದು ಉಬ್ಬು ಸಿಗುತ್ತದೆ, ಅದನ್ನೂ ಒತ್ತಿ. ಒಳಬದಿಯಲ್ಲಿ, ಪಾದದ ಕಮಾನಿನ ಮೇಲ್ಭಾಗದ ಮೂಳೆಯನ್ನೂ ಒತ್ತಿ. ಮೂಳೆ ಮೇಲೆಯೇ ನೋವು ಅಂದರೆ, ಇಲ್ಲ ನಾಲ್ಕು ಹೆಜ್ಜೆ ಆಗಲಿಲ್ಲ ಅಂದರೆ ಎಕ್ಸ್‌ರೇ. ಕಟ್ಟು ಹಾಕುವವರ ಹತ್ತಿರ ಅಲ್ಲ.

ಮಂಡಿಯಲ್ಲಿ ಪಟ್ ಅಂತ ಸದ್ದಾಗಿ ಒಂದೆರಡು ಗಂಟೆಯಲ್ಲೇ ಊದಿಕೊಂಡರೆ ಅದು ಲಿಗಮೆಂಟ್, ಅಂದರೆ ಮೂಳೆಗಳನ್ನು ಜೋಡಿಸಿ ಹಿಡಿಯುವ ಪಟ್ಟಿ, ಹರಿದ ಲಕ್ಷಣ. ಹರಿದ ಲಿಗಮೆಂಟನ್ನು ಯಾವ ಸೂಜಿಯೂ ಹೊಲಿಯುವುದಿಲ್ಲ.

ಹೊಸದಾಗಿ ಉಳುಕಿದ ಗಿಣ್ಣಿಗೆ ಆಕ್ಯುಪಂಕ್ಚರ್ ಒಳ್ಳೆಯದು ಅಂತ ಹೇಳುವಷ್ಟು ಪುರಾವೆ ಇಲ್ಲ. 2014ರಲ್ಲಿ ಇದ್ದಬದ್ದ ಪ್ರಯೋಗಗಳನ್ನೆಲ್ಲ ಜಾಲಾಡಿದ ಪರಿಶೀಲನೆಯ ತೀರ್ಮಾನವೂ ಅದೇ. ಆದರೆ ಒತ್ತಿ ಕಟ್ಟಿ, ಕಾಲು ಎತ್ತರದಲ್ಲಿಡಿ, ನೋವು ತಡೆಯುವಷ್ಟು ಬೇಗ ಭಾರ ಹಾಕಿ ನಡೆಸಿ, ಆಮೇಲೆ ಒಂಟಿ ಕಾಲಲ್ಲಿ ನಿಲ್ಲಿಸಿ. ಕಣ್ಣು ಮುಚ್ಚಿ ನಿಲ್ಲಿಸಿ. ಚೆಂಡು ಎಸೆದು ಹಿಡಿಸಿ. ಇದನ್ನು ಬಿಟ್ಟರೆ ಅದೇ ಗಿಣ್ಣು ಮತ್ತೆ ಮತ್ತೆ ಉಳುಕುತ್ತದೆ. ಐಸ್ ಬಗ್ಗೆ ಕೇಳುವ ಮೊದಲೇ ಹೇಳುತ್ತೇನೆ: ವಿಶ್ರಾಂತಿ, ಐಸ್ ಅಂತ 1978ರಲ್ಲಿ ಪ್ರಚಾರ ಮಾಡಿದ ಡಾಕ್ಟರ್ ಗೇಬ್ ಮಿರ್ಕಿನ್ ಅವರೇ ಆಮೇಲೆ, ಐಸ್ ಜಾಸ್ತಿಯಾದರೆ ಗಾಯ ಮಾಗುವುದು ತಡವಾಗಬಹುದು ಅಂದರು. ನೋವಿಗೆ ಸ್ವಲ್ಪ ಹೊತ್ತು ಇಡಿ, ಸಾಕು.

ಇನ್ನೊಂದು. ಸೂಜಿಯಿಂದ ನೋವು ಇಳಿದರೆ ಹುಡುಗ ಆಡುತ್ತೇನೆ ಅಂತಾನೆ. ನೋವು ಇಳಿದಿದೆ, ಲಿಗಮೆಂಟ್ ಹಾಗೇ ಇದೆ. ಅವನು ಆಡಬಾರದು ಅಂತ ಹೇಳುತ್ತಿದ್ದದ್ದು ಆ ನೋವು ಒಂದೇ, ಅದನ್ನೂ ಬಾಯಿ ಮುಚ್ಚಿಸಿದಿರಿ.

ಕಬಡ್ಡಿ ಕೋಚ್, ಮಂಡ್ಯ

ಅರ್ಥ ಆಯಿತು ಸಾರ್. ಒಟ್ಟಾವ ನಿಯಮವನ್ನು ಬರೆದು ಕ್ಲಬ್ ಗೋಡೆಗೆ ಅಂಟಿಸುತ್ತೇನೆ.

ಸೊಲ್ಲಾಪುರದ ಹುಡುಗ

ವಿಷಯ ಸ್ವಲ್ಪ ಆಚೆ ಹೋಗುತ್ತದೆ, ಬೈಯಬೇಡಿ. ಆಕ್ಯುಪಂಕ್ಚರ್ ನಮ್ಮ ದೇಶಕ್ಕೆ ಬಂದ ದಾರಿಯಲ್ಲಿ ನಮ್ಮೂರಿನವರೊಬ್ಬರಿದ್ದಾರೆ. ಚೀನಾ ಮೇಲೆ ಜಪಾನ್ ದಾಳಿ ಮಾಡಿದಾಗ 1938ರಲ್ಲಿ ಭಾರತದಿಂದ ಐದು ಜನ ಡಾಕ್ಟರು ಅಲ್ಲಿಗೆ ಹೋದರು. ಅದರಲ್ಲಿ ಸೊಲ್ಲಾಪುರದ ದ್ವಾರಕಾನಾಥ ಕೋಟ್ನಿಸ್ ಅಲ್ಲೇ 1942ರಲ್ಲಿ ತೀರಿಕೊಂಡರು. ಅದೇ ತಂಡದಲ್ಲಿದ್ದ ಬಿಜಯ್ ಕುಮಾರ್ ಬಸು ವಾಪಸ್ ಬಂದರು. 1950ರ ದಶಕದ ಕೊನೆಗೆ ಮತ್ತೆ ಚೀನಾಕ್ಕೆ ಹೋಗಿ ಸೂಜಿ ವಿದ್ಯೆ ಕಲಿತು ಬಂದು ಕಲ್ಕತ್ತೆಯಲ್ಲಿ ಶುರು ಮಾಡಿದರು. ಈಗ ಮಹಾರಾಷ್ಟ್ರದಲ್ಲಿ ಆಕ್ಯುಪಂಕ್ಚರ್‌ಗೆ ಅಂತಲೇ ಪ್ರತ್ಯೇಕ ಕಾಯ್ದೆ ಇದೆ.

ಅಮೆರಿಕದವರಿಗೆ ಹುಚ್ಚು ಹಿಡಿಸಿದ್ದು 1971ರಲ್ಲಿ. ಜೇಮ್ಸ್ ರೆಸ್ಟನ್ ಅನ್ನುವ ಪತ್ರಕರ್ತನಿಗೆ ಬೀಜಿಂಗ್‌ನಲ್ಲಿ ಅಪೆಂಡಿಕ್ಸ್ ಆಪರೇಷನ್ ಆಯಿತು. ಸೂಜಿ ಚುಚ್ಚಿಯೇ ಹೊಟ್ಟೆ ಕೊಯ್ದರು ಅಂತ ಇವತ್ತಿಗೂ ವಾಟ್ಸಾಪ್‌ನಲ್ಲಿ ಬರುತ್ತದೆ. ಹಾಗಲ್ಲ. ಕೊಯ್ದದ್ದು ಮಾಮೂಲಿ ಅರಿವಳಿಕೆ ಇಂಜೆಕ್ಷನ್ ಕೊಟ್ಟೇ. ಆಮೇಲೆ ಹೊಟ್ಟೆ ಉಬ್ಬರ, ಹಿಂಸೆ ಆದಾಗ ಸೂಜಿ ಹಾಕಿದರು. ಅದನ್ನು ಅವನೇ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬರೆದ.

ಫ್ರೀಮಾಂಟ್ ಕನ್ನಡತಿ, ಕ್ಯಾಲಿಫೋರ್ನಿಯಾ

ಇಲ್ಲಿನ ಒಂದು ವಿಚಿತ್ರ ಹೇಳುತ್ತೇನೆ. ಕ್ಯಾಲಿಫೋರ್ನಿಯಾದಲ್ಲಿ ಫಿಸಿಯೋಗಳು ಸೂಜಿ ಮುಟ್ಟುವ ಹಾಗಿಲ್ಲ. ಆಕ್ಯುಪಂಕ್ಚರ್‌ಗೆ ಸರ್ಕಾರದ ಲೈಸೆನ್ಸ್ ಇದ್ದವರೇ ಮಾಡಬೇಕು. ಪಕ್ಕದ ಅರಿಜೋನಾದಲ್ಲಿ ಫಿಸಿಯೋಗಳು ಆರಾಮಾಗಿ ಡ್ರೈ ನೀಡಲಿಂಗ್ ಮಾಡುತ್ತಾರೆ. ಗಡಿ ದಾಟಿದರೆ ಅದೇ ಸೂಜಿಗೆ ಹೆಸರೂ ಬೇರೆ, ಕಾನೂನೂ ಬೇರೆ.

ನನ್ನ ಮಗಳು ಶಾಲೆಯ ತಂಡದಲ್ಲಿ ಈಜುತ್ತಾಳೆ. ಭುಜ ನೋವು, ಕುತ್ತಿಗೆಯಿಂದ ಹೆಗಲಿನವರೆಗೆ ಬಿಗಿ. ತಂಡದ ಇನ್ನೊಬ್ಬ ತಾಯಿ ಸೂಜಿ ಹಾಕಿಸಿ ಅಂತಾರೆ. ಹದಿನಾರು ವರ್ಷದ ಹುಡುಗಿ. ಧಾರವಾಡದ ಸರ್, ಭುಜಕ್ಕೆ ಹಾಕಿಸುವುದರಲ್ಲಿ ಭಯ ಇದೆಯಾ?

ಫಿಸಿಯೋ ಧಾರವಾಡ

ಮೇಡಂ, ಸೂಜಿಯಲ್ಲಿ ಮುಖ್ಯವಾಗಿ ಭಯಪಡಬೇಕಾದ ಜಾಗ ಅದೇ. ಹೆಗಲು, ಕುತ್ತಿಗೆ ಬುಡ, ಭುಜದ ಹಲಗೆಯ ಸುತ್ತ, ಎದೆ, ಪಕ್ಕೆಲುಬು. ಅಲ್ಲಿ ಮಾಂಸದ ಕೆಳಗೇ ಶ್ವಾಸಕೋಶ ಇದೆ. ಹೆಗಲಿನ ತುದಿಯಲ್ಲಿ, ತೆಳ್ಳಗಿರುವ ಹುಡುಗಿಯರಲ್ಲಿ, ಮಾಂಸ ಬಹಳ ಕಡಿಮೆ. ಸೂಜಿ ಆಳಕ್ಕೆ ಹೋದರೆ ಶ್ವಾಸಕೋಶಕ್ಕೆ ತೂತು ಬಿದ್ದು ಗಾಳಿ ಹೊರಬಂದು ಅದು ಕುಸಿಯುತ್ತದೆ. ಟೊರಿನ್ ಯೇಟರ್ ವಾಲೆಸ್ ಅನ್ನುವ ಅಮೆರಿಕದ ಸ್ಕೀ ಆಟಗಾರನಿಗೆ 2014ರ ಸೋಚಿ ಒಲಿಂಪಿಕ್ಸ್‌ಗೆ ಸ್ವಲ್ಪ ಮೊದಲು ಹೀಗೇ ಆಯಿತು. ಪಕ್ಕೆ ನೋವಿಗೆ ಅಂತ ಸೂಜಿ ಹಾಕಿಸಿಕೊಂಡು ಶ್ವಾಸಕೋಶ ಕುಸಿದು ಆಸ್ಪತ್ರೆ ಸೇರಿದ.

ಇದು ಅಪರೂಪ. 2001ರಲ್ಲಿ ಬ್ರಿಟನ್‌ನಲ್ಲಿ 34 ಸಾವಿರಕ್ಕೂ ಹೆಚ್ಚು ಆಕ್ಯುಪಂಕ್ಚರ್ ಚಿಕಿತ್ಸೆಗಳ ಲೆಕ್ಕ ಇಟ್ಟರು, ಗಂಭೀರ ತೊಂದರೆ ಒಂದೂ ಇರಲಿಲ್ಲ. ಆದರೆ ಅವರೆಲ್ಲ ತರಬೇತಿ ಆದವರು. ವಾರಾಂತ್ಯದ ಕೋರ್ಸ್ ಮುಗಿಸಿ ಬಂದವರ ಕೈಗೆ ಹೆಗಲು ಕೊಡಬೇಡಿ.

ಕಲಿತವರು ಹೆಗಲಿಗೆ ಹೇಗೆ ಹಾಕುತ್ತಾರೆ ಅಂತ ನೋಡಿ. ಮಾಂಸಖಂಡವನ್ನು ಹೆಬ್ಬೆರಳು ಮತ್ತು ಬೆರಳುಗಳ ನಡುವೆ ಚಿವುಟಿದ ಹಾಗೆ ಹಿಡಿದು ಪಕ್ಕೆಲುಬಿನಿಂದ ಮೇಲಕ್ಕೆ ಎತ್ತುತ್ತಾರೆ. ಸೂಜಿ ಒಂದು ಬೆರಳಿನಿಂದ ಇನ್ನೊಂದು ಬೆರಳಿನ ಕಡೆಗೆ ಹೋಗಬೇಕು, ಎದೆಯ ಕಡೆಗಲ್ಲ. ಹಾಗೆ ಎತ್ತದೆ ನೇರ ಕೆಳಕ್ಕೆ ಚುಚ್ಚಲು ಬಂದರೆ ಎದ್ದು ಬನ್ನಿ. ಹಾಕಿಸಿದ ಮೇಲೆ ಉಸಿರೆಳೆದರೆ ಎದೆ ಚುಚ್ಚುವುದು, ಒಣ ಕೆಮ್ಮು, ಏದುಸಿರು ಬಂದರೆ ನಾಳೆ ನೋಡೋಣ ಅನ್ನದೆ ತುರ್ತು ವಿಭಾಗಕ್ಕೆ ಹೋಗಿ. ಎಷ್ಟೋ ಸಲ ಇದು ಗಂಟೆಗಳ ನಂತರ ಶುರುವಾಗುತ್ತದೆ.

ಮಗಳಿಗೆ ಮೊದಲು ಎಷ್ಟು ಈಜುತ್ತಿದ್ದಾಳೆ ಅಂತ ನೋಡಿ. ಒಮ್ಮೆಲೇ ದೂರ ಹೆಚ್ಚಿಸಿದ್ದಾರಾ ಅಂತ ಕೋಚನ್ನು ಕೇಳಿ. ಹದಿನಾರರ ಭುಜ ಸಾಮಾನ್ಯವಾಗಿ ದೂರ ಇಳಿಸಿ, ಭುಜದ ಹಲಗೆಯ ಸುತ್ತ ಬಲ ಬರಿಸಿದರೆ ಸರಿಹೋಗುತ್ತದೆ.

ಫ್ರೀಮಾಂಟ್ ಕನ್ನಡತಿ, ಕ್ಯಾಲಿಫೋರ್ನಿಯಾ

ತುಂಬಾ ಥ್ಯಾಂಕ್ಸ್ ಸರ್. ಕೇಳಿದೆ. ಬೇಸಿಗೆಯಲ್ಲಿ ಎರಡು ಕ್ಲಬ್‌ನಲ್ಲಿ ಈಜಿದ್ದಾಳಂತೆ. ನಮಗೂ ಹೇಳಿರಲಿಲ್ಲ.

ಸೂಜಿಡಾಕ್ಟ್ರು, ಉಜಿರೆ

ಧಾರವಾಡದವರು ಹೇಳಿದ್ದಕ್ಕೆ ನಾನೂ ಸಹಿ ಹಾಕುತ್ತೇನೆ. ನನ್ನ ಕಡೆಯಿಂದ, ಹಾಕಿಸಿಕೊಳ್ಳುವವರು ಗಮನಿಸಬೇಕಾದ್ದು:

ಸೂಜಿ ಪ್ಯಾಕೆಟ್ ನಿಮ್ಮ ಕಣ್ಣೆದುರೇ ಹರಿಯಬೇಕು. ಒಮ್ಮೆ ಬಳಸಿದ್ದು ಬಿಸಾಡಲೇಬೇಕು, ನಿಮ್ಮದೇ ಸೂಜಿ ನಿಮಗೇ ಎತ್ತಿಟ್ಟಿದ್ದೇವೆ ಅನ್ನುವವರಿದ್ದರೆ ಅದೂ ಬೇಡ. ಬಿಸಾಡುವುದು ಬೇರೆ ಕಸದ ಜೊತೆಗಲ್ಲ. ಚೂಪು ವಸ್ತುಗಳಿಗೆ ಬಿಳಿ, ಅರೆಪಾರದರ್ಶಕ, ತೂತಾಗದ ಡಬ್ಬಿ ಇರಬೇಕು ಅಂತ 2016ರ ನಿಯಮವೇ ಹೇಳುತ್ತದೆ. ಕೋಣೆಯಲ್ಲಿ ಆ ಡಬ್ಬಿ ಕಾಣದಿದ್ದರೆ ಕೇಳಿ. ಹಾಕುವಾಗ ಎಷ್ಟು, ತೆಗೆಯುವಾಗ ಎಷ್ಟು ಅಂತ ಎಣಿಸಬೇಕು. ಕೂದಲ ಸಂದಿಯಲ್ಲಿ ಒಂದು ಉಳಿದು ಮನೆಗೆ ಹೋದವರನ್ನು ನಾನು ನೋಡಿದ್ದೇನೆ.

ಹಸಿದ ಹೊಟ್ಟೆಯಲ್ಲಿ ಬರಬೇಡಿ, ತಲೆ ಸುತ್ತುತ್ತದೆ. ಮೊದಲ ಸಲ ಕೂತು ಬೇಡ, ಮಲಗಿಯೇ ಹಾಕಿಸಿಕೊಳ್ಳಿ. ಕುಸ್ತಿ ಆಡುವ ಗಟ್ಟಿ ಆಳುಗಳೇ ಜಾಸ್ತಿ ಬೀಳುವುದು, ಯಾಕೋ ಏನೋ. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಗರ್ಭಿಣಿಯಾಗಿದ್ದರೆ ಮೊದಲೇ ಹೇಳಿ. ಕೆಲವು ಕಡೆ ಸೂಜಿಗೆ ಸಣ್ಣಗೆ ಕರೆಂಟ್ ಕೊಡುತ್ತಾರೆ, ಪೇಸ್‌ಮೇಕರ್ ಇದ್ದರೆ ಅದು ಬೇಡ. ಊದಿ, ಕೆಂಪಾಗಿ, ಬಿಸಿಯಾಗಿರುವ ಕೀಲಿಗೆ ಸೂಜಿ ಬೇಡವೇ ಬೇಡ, ಅದು ಸೋಂಕು ಇರಬಹುದು.

ಓಟದ ಹಿಂದಿನ ದಿನ ಹೊಸದಾಗಿ ಹಾಕಿಸಬೇಡಿ. ಕಾಲು ಒಂದೆರಡು ದಿನ ಮೈಕೈ ನೋವಿನ ಥರ ಇರುತ್ತದೆ.

ನಮ್ಮವರಲ್ಲೂ ಎಲ್ಲದಕ್ಕೂ ಸೂಜಿ ಅನ್ನುವವರಿದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ. ಮೂರ್ನಾಲ್ಕು ಸಲ ಹಾಕಿದ ಮೇಲೂ ಒಂದು ಚೂರೂ ವ್ಯತ್ಯಾಸ ಕಾಣದಿದ್ದರೆ ಹತ್ತರವರೆಗೆ ಎಳೆಯುವುದರಲ್ಲಿ ಅರ್ಥ ಇಲ್ಲ.

ಕೆರೆಏರಿ ಓಟಗಾರ, ಮೈಸೂರು

ಇಷ್ಟೆಲ್ಲ ಬರುತ್ತದೆ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಧನ್ಯವಾದ. ಹಿಮ್ಮಡಿ ಹಿಚುಕಿ ನೋಡಿದೆ, ನೋವಿಲ್ಲ. ಒತ್ತಿದರೆ ಒಂದೇ ಜಾಗದಲ್ಲಿ ನೋವು. ಪ್ಯಾಕೇಜ್ ಕ್ಲಿನಿಕ್‌ಗೆ ಬೇಡ ಅಂದೆ. ಹಾಗಾದರೆ ನಾನು ಮಾಡಬೇಕಾದ್ದೇನು ಸರ್?

ಫಿಸಿಯೋ ಧಾರವಾಡ

ಮೆಟ್ಟಿಲು ಇದೆಯಲ್ಲ ಮನೆಯಲ್ಲಿ? ಒಂದು ಟವೆಲ್ ಸುರುಳಿ ಸುತ್ತಿ ಮೆಟ್ಟಿಲ ಅಂಚಿನಲ್ಲಿಡಿ. ಕಾಲ್ಬೆರಳು ಟವೆಲ್ ಮೇಲೆ, ಹಿಮ್ಮಡಿ ಗಾಳಿಯಲ್ಲಿ. ಬೆರಳು ಮೇಲಕ್ಕೆ ಬಾಗಿದಾಗ ಅಂಗಾಲಿನ ಆ ಪಟ್ಟಿ ಬಿಗಿಯಾಗುತ್ತದೆ, ಟವೆಲ್ ಇಡುವುದು ಅದಕ್ಕೇ. ನೋವಿರುವ ಒಂದೇ ಕಾಲಲ್ಲಿ ನಿಂತು ಮೂರು ಸೆಕೆಂಡ್ ಮೇಲೇಳಿ, ಮೇಲೆ ಎರಡು ಸೆಕೆಂಡ್ ನಿಲ್ಲಿ, ಮೂರು ಸೆಕೆಂಡ್ ಕೆಳಗಿಳಿಯಿರಿ. ಗೋಡೆ ಹಿಡಿದುಕೊಳ್ಳಿ. ಹನ್ನೆರಡರ ಮೂರು ಸೆಟ್, ದಿನ ಬಿಟ್ಟು ದಿನ. ಹನ್ನೆರಡು ಸುಲಭ ಆದಾಗ ಬೆನ್ನಿಗೆ ಬ್ಯಾಗ್ ಹಾಕಿ ಅದರಲ್ಲಿ ಪುಸ್ತಕ ತುಂಬಿ, ಹತ್ತಕ್ಕೆ ಇಳಿಸಿ, ಸೆಟ್ ಹೆಚ್ಚಿಸಿ. ಡೆನ್ಮಾರ್ಕ್‌ನವರು ಹಿಮ್ಮಡಿ ನೋವಿನ 48 ಜನರಲ್ಲಿ ಇದನ್ನು ಮಾಡಿಸಿ ನೋಡಿದರು. ಮೂರು ತಿಂಗಳಿಗೆ ಬರೀ ಸ್ಟ್ರೆಚಿಂಗ್ ಮಾಡಿದವರಿಗಿಂತ ಚೆನ್ನಾಗಿತ್ತು. ಒಂದು ವರ್ಷಕ್ಕೆ ಎರಡೂ ಗುಂಪು ಸಮ. ಅಂದರೆ ನೋವು ಹೇಗೂ ಇಳಿಯುತ್ತದೆ, ಇದು ಬೇಗ ಇಳಿಸುತ್ತದೆ.

ಚಾಮುಂಡಿ ಮೆಟ್ಟಿಲು ಸದ್ಯಕ್ಕೆ ಬಿಡಿ. ಓಟ ಪೂರ್ತಿ ನಿಲ್ಲಿಸಬೇಡಿ, ಮರುದಿನ ಬೆಳಗಿನ ಮೊದಲ ಹೆಜ್ಜೆಯ ನೋವು ಹಿಂದಿನ ದಿನಕ್ಕಿಂತ ಜಾಸ್ತಿ ಆಗದಷ್ಟು ಓಡಿ.

ಸೂಜಿ ಬೇಕೆನಿಸಿದರೆ ಹಾಕಿಸಿ, ನನ್ನ ಅಡ್ಡಿ ಇಲ್ಲ. ಮೀನಖಂಡ ಬಿಗಿಯಿದ್ದರೆ ಅಲ್ಲಿ ಹಾಕಿಸಿದ ಮೇಲೆ ಈ ವ್ಯಾಯಾಮ ಮಾಡುವುದು ಕೆಲವರಿಗೆ ಸುಲಭವಾಗುತ್ತದೆ. ಅದೇ ಅದರ ಉಪಯೋಗ. ಬರೀ ಹಾಕಿಸಿಕೊಂಡು ಸೋಫಾ ಮೇಲೆ ಕೂತರೆ ಶಟಲ್ ಶೋಕಿಯವರ ಮೊಣಕೈ ಕಥೆಯೇ.

ಶಟಲ್ ಶೋಕಿ, ಬೆಂಗಳೂರು

ನನ್ನನ್ನು ಯಾಕೆ ಎಳೆಯುತ್ತೀರಿ ಸರ್! ಸರಿ, ಮೊಣಕೈಗೂ ಹೇಳಿಬಿಡಿ ಹಾಗಾದರೆ.

ಫಿಸಿಯೋ ಧಾರವಾಡ

ಮುಂಗೈ ಮೇಜಿನ ಮೇಲೆ, ಅಂಗೈ ಕೆಳಮುಖ, ಮಣಿಕಟ್ಟು ಮೇಜಿನಿಂದ ಆಚೆ. ಕೈಯಲ್ಲಿ ಒಂದು ಕೆಜಿ ಡಂಬಲ್, ಇಲ್ಲದಿದ್ದರೆ ಲೀಟರ್ ನೀರಿನ ಬಾಟಲಿ. ಇನ್ನೊಂದು ಕೈಯಿಂದ ಮಣಿಕಟ್ಟು ಮೇಲೆತ್ತಿ, ನೋವಿನ ಕೈಯಿಂದ ನಿಧಾನಕ್ಕೆ ಕೆಳಗಿಳಿಸಿ. ಮತ್ತೆ ರ‍್ಯಾಕೆಟ್ ಹಿಡಿ ತೆಳ್ಳಗಿದ್ದರೆ ಒಂದು ಗ್ರಿಪ್ ಜಾಸ್ತಿ ಸುತ್ತಿ, ಗಟ್ಟಿಯಾಗಿ ಹಿಡಿಯುವುದು ಬಿಡಿ.

ಅಂಕಿಸಂಕಿ

ನನ್ನ ಸೊಂಟಕ್ಕೆ ಯಾರೂ ಏನೂ ಹೇಳಲಿಲ್ಲ. ಇಷ್ಟು ಅಂಕಿ ಕೊಟ್ಟವನಿಗೆ ಇದೇನಾ ಮರ್ಯಾದೆ?

ಸೂಜಿಡಾಕ್ಟ್ರು, ಉಜಿರೆ

ಉಜಿರೆಗೆ ಬನ್ನಿ ಮಾರಾಯ್ರೆ. ಯಾವ ಗುಂಪಿಗೆ ಹಾಕುತ್ತೇನೆ ಅಂತ ಮಾತ್ರ ಹೇಳುವುದಿಲ್ಲ.